ನೀರು ನುಂಗಿದ ಕೆಂಪು

ಹೆಣ ಬೋರಲು ಬಿದ್ದು ತೇಲುತ್ತಿತ್ತು.

ಹಿರೇಕೊಟ್ನೆಕಲ್ ಹೊರಗಿನ ಹಳೆಯ ಕಲ್ಲುಕ್ವಾರಿ ಅದು. ಕಲ್ಲು ತೆಗೆದು ಬಿಟ್ಟ ಹೊಂಡದಲ್ಲಿ ತಾಳೆಮರ ಮುಳುಗುವಷ್ಟು ನೀರು. ಬೆಳಿಗ್ಗೆ ಕುರಿ ಹೊಡೆದುಕೊಂಡು ಬಂದವರು ಮೊದಲು ಕಂಡರು. ಮಾನ್ವಿ ಠಾಣೆಯ ಪಿಎಸ್ಐ ದಾನೇಶ್ವರಿ ಬರುವ ಹೊತ್ತಿಗೆ ಅರ್ಧ ಊರು ದಂಡೆಯ ಮೇಲಿತ್ತು.

ಹಗ್ಗ ಹಾಕಿ ಎಳೆದರು. ಮಗುಚಿದರು. ಮುಂದೆ ನಿಂತವರು ಹಿಂದೆ ಸರಿದರು. ತಲೆಯ ಎಡಭಾಗ ತೆಂಗಿನ ಚಿಪ್ಪಿನಂತೆ ಒಡೆದಿತ್ತು. ದವಡೆ ಕಿತ್ತು ಪಕ್ಕಕ್ಕೆ ಜೋತಿತ್ತು. ಮೈಮೇಲೆ ನೀರಿಗಿಳಿಯುವವರು ತೊಡುವ ಕರಿ ರಬ್ಬರ್ ಉಡುಪು. ಕಾಲಿಗೆ ತುಂಡಾದ ಹಗ್ಗ.

"ಕಲ್ಲು ಕಟ್ಟಿ ಮುಳುಗಿಸ್ಬೇಕಂತ ಮಾಡ್ಯಾರ. ಈ ಉಡುಪು ಮುಳುಗಾಕ ಬಿಟ್ಟಿಲ್ಲ," ಎಂದಳು ದಾನೇಶ್ವರಿ.

ಬಂಡೆಯ ಹಿಂದಿನಿಂದ ಹೆಡ್ ಕಾನ್‌ಸ್ಟೇಬಲ್ ಮೌನಪ್ಪ ಕೂಗಿದ. "ಮೇಡಂ, ಇಲ್ಲಿ ಬರ್ರಿ. ಕ್ಯಾಮೆರಾ ಅದ."

ನೀರು ನುಗ್ಗದ ದಪ್ಪ ಪೆಟ್ಟಿಗೆಯೊಳಗಿನ ಕ್ಯಾಮೆರಾ. ಬಂಡೆಗೆ ಬಡಿದು ಪುಡಿ ಮಾಡಿದ್ದರು. ಮೆಮೊರಿ ಕಾರ್ಡನ್ನೂ ಬಿಟ್ಟಿರಲಿಲ್ಲ. ಪಕ್ಕದಲ್ಲೇ ಫೋನಿನ ಚೂರುಗಳು.

ಕ್ವಾರಿಯ ಮಾಲೀಕ ಹುಲಿಗೇಶ ಬೈಕ್ ಬಿಟ್ಟು ಓಡಿ ಬಂದ. ಹೆಣ ನೋಡಿ ತಲೆಯ ಮೇಲೆ ಕೈ ಹೊತ್ತ. "ಯಪ್ಪಾ! ರಾಯಚೂರಿನ ಯಲ್ಲಾಲಿಂಗ ಅಲ್ಲೇನ್ರಿ! ನೀರಾಗಿನ ಮೀನಿನ ಫೋಟೊ ತೆಗೀತೀನಿ ಅಂತ ಕೇಳಿದ್ದ. ತೆಗಿಯಪಾ ಅಂದಿದ್ದೆ."

ಮೌನಪ್ಪ ದಾನೇಶ್ವರಿಯ ಕಿವಿಯಲ್ಲಿ ಹೇಳಿದ. "ಈ ಹುಲಿಗೇಶನ ನಸೀಬೇ ಸರಿ ಇಲ್ರಿ. ಹೋದ ತಿಂಗಳು ಹೆಂಡ್ತಿ ಸ್ವಪ್ನಾ ಲಾರಿ ಡ್ರೈವರ್ ಕೂಡ ಓಡಿ ಹೋದ್ಲು ಅಂತ ಕಂಪ್ಲೇಂಟ್ ಕೊಟ್ಟಿದ್ದ. ಈಗ ಇದು."

* * *

ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಓಣಿಯಲ್ಲಿ ಯಲ್ಲಾಲಿಂಗನ ಸ್ಟುಡಿಯೊ. ಗಂಡ ನೀರಿಗಿಳಿದು ತೆಗೆದ ಚಿತ್ರಗಳನ್ನು ಹದಗೊಳಿಸುವುದು ಹೆಂಡತಿ ಕಲ್ಯಾಣಿಯ ಕೆಲಸ. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಅವರ ಮ್ಯಾಲೆ ಯಾರಿಗರ ಸಿಟ್ಟಿತ್ತೇನವ್ವಾ?" ದಾನೇಶ್ವರಿ ಕೇಳಿದಳು.

"ದೇವದುರ್ಗದ ಗುರುಸಿದ್ದಗ ಇತ್ರಿ. ಕೃಷ್ಣಾ ಹೊಳ್ಯಾಗ ಕದ್ದು ಉಸುಕು ಎತ್ತತಾನ. ಹೊಳೀ ತಳದಾಗ ಬಿದ್ದ ಗುಂಡಿ ಎಲ್ಲಾ ಇವರು ಫೋಟೊ ತೆಗೆದು ಪೇಪರಿಗೆ ಕೊಟ್ರು. ಸಂತಿಯೊಳಗ ನಾಕು ಮಂದಿ ಮುಂದ ಹೊಡೆದಾನ. ಮುಂದಿನ ಸಲ ನೀರಾಗ ಹೂಳ್ತೀನಿ ಅಂದಿದ್ನಂತ."

ಕಲ್ಯಾಣಿ ತನ್ನ ಫೋನು ಮುಂದೆ ಹಿಡಿದಳು. ಯಲ್ಲಾಲಿಂಗ ಅವಳಿಗೆ ಕಳಿಸಿದ ಕೊನೆಯ ಚಿತ್ರ. ಹಸಿರುಗಟ್ಟಿದ ನೀರಿನಲ್ಲಿ ಮೀನಿನ ಹಿಂಡು. ಹಿಂದೆ, ಬಂಡೆಯ ಬುಡದಲ್ಲಿ ಕಪ್ಪು ಮುದ್ದೆ. ಕೆಳಗೆ ಅವನದೇ ಮಾತು: "ಹಿಂದ ಏನೋ ಕಪ್ಪು ಗಂಟು ಅದ, ನೋಡು."

"ಇದನ್ನ ಕಳಿಸಿ ಮನಿಗೆ ಬಂದು ಎಲ್ಲಾ ಕಂಪ್ಯೂಟರಿಗೆ ಹಾಕಿದ್ರು. ಮರುದಿನ ಮತ್ತ ಅಲ್ಲಿಗೇ ಹೋದ್ರು. ಮೀನು ಸರಿ ಬಂದಿಲ್ಲ ಅಂದ್ರು."

ಸಂಜೆ ಠಾಣೆಗೆ ಬಂದ ಹುಲಿಗೇಶನಿಗೆ ದಾನೇಶ್ವರಿ ಅದೇ ಚಿತ್ರ ತೋರಿಸಿದಳು. "ಇದು ನಿಮ್ಮ ಕ್ವಾರಿನೇ ಏನ್ರಿ?"

"ಹೌದ್ರಿ ಮೇಡಂ."

"ಹಿಂದಿನ ಗಂಟು?"

"ಅದಾ? ಮಂದಿ ಗಂಗಮ್ಮಗ ಉಡಿ ತುಂಬಿ ಕೆಂಪು ಸೀರಿ ನೀರಿಗೆ ಬಿಡ್ತಾರ್ರಿ. ಅದಾ ಇರಬೇಕು."

ಇರಬಹುದು ಎಂದುಕೊಂಡಳು ಅವಳು. ಮನಸ್ಸೆಲ್ಲ ದೇವದುರ್ಗದ ಕಡೆಗಿತ್ತು.

* * *

ಗುರುಸಿದ್ದ ಸಿಕ್ಕಿದ್ದು ದೇವದುರ್ಗದ ಟಿಪ್ಪರ್ ಗ್ಯಾರೇಜಿನಲ್ಲಿ. ಜೀಪು ಕಂಡದ್ದೇ ಕಬ್ಬಿಣದ ಹಾರೆ ಎತ್ತಿಕೊಂಡ.

"ಹತ್ರ ಬಂದ್ರ ಕೊಲ್ತೀನಿ ಲೇ!"

ಮೌನಪ್ಪ ಅಡ್ಡ ಹೋದ. ಹಾರೆ ಅವನ ಮುಂಗೈಗೆ ಬಿತ್ತು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ದಾನೇಶ್ವರಿ ಗುರುಸಿದ್ದನ ಕೂದಲು ಹಿಡಿದು ಟಿಪ್ಪರಿನ ಬಾಗಿಲಿಗೆ ಹಣೆ ಅಪ್ಪಳಿಸಿದಳು. ಅವನು ಕುಸಿದ. ಮುಖದ ತುಂಬ ರಕ್ತ.

"ಸಂತ್ಯಾಗ ಹೊಡೆದದ್ದು ಖರೆ ರೀ! ಕೊಂದಿಲ್ಲ! ತಾಯಾಣಿ ಕೊಂದಿಲ್ಲ!"

ಲಾಕಪ್ಪಿಗೆ ಹಾಕಿದರು. ಕೇಸು ಮುಗಿಯಿತೆಂದು ಊರವರೆಲ್ಲ ಅಂದರು.

ಮರುದಿನ ನಡುಮಧ್ಯಾಹ್ನ ರಾಯಚೂರಿನಿಂದ ಫೋನು ಬಂತು. ಮುಖಕ್ಕೆ ಟವೆಲ್ ಸುತ್ತಿಕೊಂಡ ಗಂಡಸೊಬ್ಬ ಸ್ಟುಡಿಯೊಗೆ ನುಗ್ಗಿದ್ದ. ಕಲ್ಯಾಣಿಯ ಕುತ್ತಿಗೆಗೆ ರಾಡು ಒತ್ತಿ ಕಂಪ್ಯೂಟರ್ ತೆರೆಸಿದ್ದ. ಕ್ವಾರಿಯ ಚಿತ್ರಗಳನ್ನು ಹುಡುಕಿ ಹುಡುಕಿ ಅಳಿಸಿದ್ದ. ಹೋಗುವಾಗ ಅವಳ ತಲೆಗೆ ಎರಡು ಏಟು ಹಾಕಿದ್ದ.

ದಾನೇಶ್ವರಿ ಫೋನು ಕೆಳಗಿಟ್ಟಳು. ಗುರುಸಿದ್ದ ಇನ್ನೂ ಕಂಬಿಯ ಹಿಂದೆಯೇ ಕುಳಿತಿದ್ದ.

ಅಂದರೆ ಕೊಲೆಗಾರ ಹೊರಗಿದ್ದಾನೆ. ಅವನಿಗೆ ಬೇಕಾದದ್ದು ಹೊಳೆಯ ಚಿತ್ರವಲ್ಲ, ಕ್ವಾರಿಯ ಚಿತ್ರ.

* * *

ಆಸ್ಪತ್ರೆಯಲ್ಲಿ ಕಲ್ಯಾಣಿಯ ತಲೆಗೆ ಹೊಲಿಗೆ ಹಾಕಿದ್ದರು. ಒಂದು ಕಣ್ಣು ಊದಿ ಮುಚ್ಚಿತ್ತು. ಆದರೂ ಕಂಪ್ಯೂಟರ್ ತರಿಸಿಕೊಂಡು ಮಂಚದ ಮೇಲೆ ಎದ್ದು ಕುಳಿತಿದ್ದಳು.

"ಎಲ್ಲಾ ಹೋತೇನು?" ದಾನೇಶ್ವರಿ ಕೇಳಿದಳು.

"ಇಲ್ರಿ. ನಮ್ಮ ಕ್ಯಾಮೆರಾ ಒಂದೊಂದು ಫೋಟೊನೂ ಎರಡು ಥರ ಉಳಿಸ್ತದ. ಒಂದು ಜೆಪೆಗ್. ಅದು ಕ್ಯಾಮೆರಾನೇ ಅಡಿಗಿ ಮಾಡಿ ಬಡಿಸಿದಂಗ, ಫೋನಿನ್ಯಾಗೂ ಕಾಣ್ತದ. ಇನ್ನೊಂದು ರಾ ಫೈಲ್. ಹಸಿ ಸಾಮಾನು. ಬರೇ ನೋಡಿದ್ರ ಖಾಲಿ ಹಾಳಿ ಚಿತ್ರ ಕಾಣ್ತದ, ಬ್ಯಾರೆ ಸಾಫ್ಟ್‌ವೇರ್‌ನ್ಯಾಗ ತೆಗೀಬೇಕು. ಅವ ಕಣ್ಣಿಗೆ ಕಂಡ ಫೋಟೊ ಅಷ್ಟೇ ಅಳಿಸ್ಯಾನ. ಇವು ಫೋಟೊ ಅಂತ ಅವಗ ಗೊತ್ತೇ ಆಗಿಲ್ಲ."

ಅವಳು ಫೈಲು ತೆರೆದಳು. ಅದೇ ಹಸಿರು ನೀರು, ಅದೇ ಮೀನು, ಅದೇ ಕಪ್ಪು ಮುದ್ದೆ.

"ನೀರು ಆಳ ಆದಂಗ ಕೆಂಪು ಬಣ್ಣ ಎಲ್ಲಾಕಿಂತ ಮೊದಲು ಸಾಯ್ತದ್ರಿ. ಕೆಂಪು ವಸ್ತು ಕಣ್ಣಿಗೂ ಕಪ್ಪಾಗೇ ಕಾಣ್ತದ. ಫ್ಲ್ಯಾಶ್ ಹೊಡೆದ್ರ ಬಣ್ಣ ಬರ್ತದ, ಖರೆ. ಆದ್ರ ಕ್ವಾರಿ ನೀರಾಗ ಧೂಳು ಭಾಳ, ಎಲ್ಲಾ ಬೆಳ್ಳಗ ಹೊಳೀತದ. ಅದಕ್ಕ ಇವರು ಫ್ಲ್ಯಾಶ್ ಇಲ್ಲದ, ಕಡಿಮಿ ಬೆಳಕಿನ್ಯಾಗೂ ಫೋಟೊ ಬರೋ ಹಂಗ ಐಎಸ್ಒ ಏರಿಸಿ ತೆಗೆದಾರ. ಜೆಪೆಗ್‌ನ್ಯಾಗ ಉಳಿದ ಕೆಂಪೂ ಹೋಗಿಬಿಡ್ತದ. ರಾ ಒಳಗ ಚೂರರ ಉಳಿದಿರ್ತದ."

ಬಣ್ಣದ ಹದ ತಿದ್ದುವ ವೈಟ್ ಬ್ಯಾಲೆನ್ಸ್ ಸರಿಸಿದಳು. ಹಸಿರು ನಿಧಾನಕ್ಕೆ ಕರಗಿತು. ನೆರಳು ತಿಳಿಯಾಯಿತು. ಕಪ್ಪು ಗಂಟಿನ ಮೈಯಿಂದ ಬಣ್ಣ ಎದ್ದು ಬಂತು. ಕೆಂಪು. ಕೆಂಪು ಸೀರೆ. ಅದರ ಸುತ್ತ ಬಿಗಿದ ಕಬ್ಬಿಣದ ಸರಪಳಿ.

ದಾನೇಶ್ವರಿ ತೆರೆಯ ಹತ್ತಿರಕ್ಕೆ ಬಾಗಿದಳು. ಗಂಗಮ್ಮನ ಉಡಿಗೆ ಯಾರು ಸರಪಳಿ ಸುತ್ತುತ್ತಾರೆ?

* * *

ಶಕ್ತಿನಗರದಿಂದ ಮುಳುಗುಗಾರರನ್ನು ಕರೆಸಿಕೊಂಡು ಅವಳು ಕ್ವಾರಿಗೆ ಹೋದಳು. ಹುಲಿಗೇಶ ಶೆಡ್ಡಿನ ಮುಂದೆ ನಿಂತಿದ್ದ.

"ಹುಲಿಗೇಶ, ಆ ಸೀರಿ ಕೆಂಪು ಅಂತ ನಿಮಗ ಯಾರು ಹೇಳಿದ್ರು?"

"ಫೋಟೊದಾಗ ನೋಡಿದ್ನಲ್ರಿ."

"ಫೋಟೊದಾಗ ಕಪ್ಪೈತಿ. ನಾ ನೋಡಿದ್ದು ಕಪ್ಪು. ಕಲ್ಯಾಣಿ ನೋಡಿದ್ದು ಕಪ್ಪು. ಕಣ್ಮುಂದ ಹಿಡಿದು ತೆಗೆದ ಯಲ್ಲಾಲಿಂಗನೂ ಕಪ್ಪು ಗಂಟು ಅಂತ ಬರದಾನ. ಆ ನೀರಾಗ ಅದು ಯಾರಿಗೂ ಕೆಂಪು ಕಾಣೂದಿಲ್ಲ. ಕೆಂಪು ಅಂತ ಗೊತ್ತಿರೋದು ದಂಡಿ ಮ್ಯಾಲೆ ನಿಂತು ಕಟ್ಟಿ ಒಗೆದವಗ ಮಾತ್ರ."

ಹುಲಿಗೇಶ ಸರಕ್ಕನೆ ತಿರುಗಿದ. ಗೋಡೆಗೆ ಒರಗಿಸಿದ್ದ ಕಲ್ಲೊಡೆಯುವ ಸುತ್ತಿಗೆಗೆ ಕೈ ಹಾಕಿದ. ಮೊದಲ ಏಟಿಗೆ ಒಬ್ಬ ಕಾನ್‌ಸ್ಟೇಬಲ್ ಪಕ್ಕೆಲುಬು ಹಿಡಿದು ಬಿದ್ದ. ಎರಡನೆಯದು ದಾನೇಶ್ವರಿಯ ಭುಜಕ್ಕೆ ತಾಗಿತು. ಮಂಡಿಯೂರಿ ಬಿದ್ದಳು. ಕಣ್ಣು ಕತ್ತಲೆ. ಸುತ್ತಿಗೆ ಮತ್ತೆ ಮೇಲೇರಿತು. ಅವಳು ನೆಲದ ಕಲ್ಲುಪುಡಿ ಬಾಚಿ ಅವನ ಕಣ್ಣಿಗೆ ತೂರಿದಳು. ಅವನು ಕುರುಡನಂತೆ ಬೀಸಿದ. ಅವಳ ಲಾಠಿ ಅವನ ಮೊಣಕಾಲು ಚಿಪ್ಪಿಗೆ ಬಿತ್ತು. ಒಮ್ಮೆ. ಇನ್ನೊಮ್ಮೆ. ಹುಲಿಗೇಶ ಅರಚುತ್ತ ನೆಲ ಕಚ್ಚಿದ.

ಕೈಗೆ ಬೇಡಿ ಬಿದ್ದ ಮೇಲೆ ಒಂದೊಂದೇ ಹೊರಬಂತು. ದಿನಾ ಹೊಡೆತ ತಿಂದ ಸ್ವಪ್ನಾ ತವರಿಗೆ ಹೋಗುತ್ತೇನೆ ಎಂದಿದ್ದಳು. ಕುತ್ತಿಗೆ ಹಿಸುಕಿ ಕೊಂದ. ಅವಳ ಸೀರೆಯಲ್ಲೇ ಸುತ್ತಿ, ಸರಪಳಿ ಬಿಗಿದು ಹೊಂಡಕ್ಕೆ ತಳ್ಳಿದ. ಓಡಿಹೋದಳೆಂದು ಊರಿಗೆಲ್ಲ ಸಾರಿದ. ಯಲ್ಲಾಲಿಂಗ ಅದೇ ಚಿತ್ರವನ್ನು ಅವನಿಗೂ ಕಳಿಸಿ, "ನಿಮ್ಮ ಕ್ವಾರ್ಯಾಗ ಗಂಟೊಂದು ಅದ, ನಾಳೆ ಎತ್ತಿ ನೋಡ್ಲೇನು?" ಎಂದು ಕೇಳಿದ್ದ. "ಬಾ, ಇಬ್ಬರೂ ಕೂಡಿ ನೋಡೋಣು" ಎಂದು ಕರೆಸಿ, ನೀರಿಗಿಳಿಯಲು ಬಾಗಿದವನ ತಲೆಗೆ ಸುತ್ತಿಗೆ ಇಳಿಸಿದ್ದ. ಠಾಣೆಯಲ್ಲಿ ಆ ಚಿತ್ರ ಕಂಡು ಹೆದರಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಸ್ಟುಡಿಯೊಗೆ ನುಗ್ಗಿದವನೂ ಅವನೇ.

ಮುಳುಗುಗಾರರು ಸರಪಳಿ ಕತ್ತರಿಸಿ ಗಂಟನ್ನು ಮೇಲೆ ತಂದರು. ಬಿಸಿಲಿಗೆ ಬಂದದ್ದೇ ಸೀರೆ ಹೊಸ ಗಾಯದಂತೆ ಕೆಂಪಾಯಿತು. ಸುದ್ದಿ ಕೇಳಿ ದಂಡೆಗೆ ಸೇರಿದ್ದ ಗುಂಪಿನ ಹೆಂಗಸರು ಮುಖ ತಿರುಗಿಸಿದರು.

ಸ್ವಪ್ನಾಳ ತಾಯಿ ಸೂಗಮ್ಮನನ್ನು ಜೀಪಿನಲ್ಲಿ ಕರೆತಂದಿದ್ದರು. ಮಗಳು ಓಡಿಹೋದಳೆಂದು ಓಣಿಯವರು ಅವಳ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರು. ಆಕೆ ಅಳಲಿಲ್ಲ. ಗಂಟಿನ ಪಕ್ಕ ಕುಳಿತು ಮಗಳ ಸೀರೆಯ ಒದ್ದೆ ಸೆರಗಿನ ನೀರು ಹಿಂಡಿದಳು. ಆಮೇಲೆ ದಂಡೆಯ ಮೇಲಿದ್ದ ಊರ ಮಂದಿಯ ಕಡೆ ತಿರುಗಿದಳು.

"ನನ್ನ ಮಗಳು ಎಲ್ಲೀಗೂ ಓಡಿ ಹೋಗಿದ್ದಿಲ್ಲ," ಎಂದಳು. "ಎಲ್ಲಾರೂ ಕೇಳಿದ್ರೇನು?"