ಆಲ್ಬಮಿನಲ್ಲಿ ಉಳಿದ ಮೂರು ಫೋಟೋ

ಮುಬೀನಾಳ ಆಲ್ಬಮ್ ಇದ್ದಲ್ಲೇ ಇತ್ತು. ಒಳಗಿನ ಫೋಟೋಗಳಲ್ಲಿ ಹೆಚ್ಚಿನವು ಇರಲಿಲ್ಲ.

ಬೆಳಿಗ್ಗೆ ಅಲಮಾರಿಯಿಂದ ತೆಗೆದಾಗಲೇ ಗೊತ್ತಾದದ್ದು. ಹನ್ನೊಂದಕ್ಕೆ ಕೂಡ್ಲಿಗಿಯಲ್ಲಿ ಸಂದರ್ಶನ. ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಗೆ ಫೋಟೋಗ್ರಾಫರ್ ಬೇಕಾಗಿತ್ತು. ತಿಂಗಳ ಸಂಬಳ. ಅವಳಿಗೆ ಅಂಥದ್ದು ಅದೇ ಮೊದಲು.

ಬಯೋಡೇಟಾ ಟೈಪ್ ಮಾಡಿದವಳು ನಾನು. ಕೊಟ್ಟೂರಿನ ನನ್ನ ಕಂಪ್ಯೂಟರ್ ಸೆಂಟರಿನಲ್ಲಿ ಒಂದೇ ಸಾಲಿಗೆ ಇಬ್ಬರೂ ಒದ್ದಾಡಿದ್ದೆವು. ಸ್ಟುಡಿಯೊ ಹೆಸರಿಲ್ಲ, ಅನುಭವದ ಪತ್ರವಿಲ್ಲ. ಕೊನೆಗೆ ‘1998ರಿಂದ ಐದು ವರ್ಷ ಫ್ರೀಲಾನ್ಸ್ ಫೋಟೋಗ್ರಾಫರ್’ ಎಂದು ಹಾಕಿದೆ. ಸಾಕ್ಷಿ ಎಂದರೆ ಆ ಆಲ್ಬಮ್ ಒಂದೇ.

ನನ್ನ ಪಕ್ಕದ ಮನೆಯ ನಾಗಲಿಂಗಮ್ಮನವರನ್ನು ಮುಬೀನಾಳ ಮನೆಗೆ ಕರೆದುಕೊಂಡು ಹೋದೆ. ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದವರು. ಎಷ್ಟೋ ಕಳ್ಳತನ ಹಿಡಿದವರು.

“ನಿನ್ನೆ ಯಾರು ಬಂದಿದ್ರು?”

“ಸ್ಟುಡಿಯೊ ಕೊಟ್ರಸ್ವಾಮಿ,” ಎಂದಳು ಮುಬೀನಾ. “ಅವನೂ ಇದೇ ಕೆಲಸಕ್ಕ ಅರ್ಜಿ ಹಾಕ್ಯಾನ. ಆಲ್ಬಮ್ ತೋರ್ಸು ಅಂದ. ತೋರಸ್ಲಿಲ್ಲ. ಅಲಮಾರ್ಯಾಗ ಇಡೋದು ನೋಡ್ಯಾನ.”

ಅವಳ ತಮ್ಮ ಸರ್ಫರಾಜ, ಗ್ಯಾರೇಜಿಗೆ ಹೊರಟವನು, ನಕ್ಕ. “ಫ್ರೀಲಾನ್ಸ್ ಅಂತ! ಊರ ಮಂದಿ ಪುಕ್ಕಟೆ ಅಂತ ತಿಳಕೊಂಡಾರ.”

“ಅಕ್ಕ ಈ ಕೆಲಸಕ್ಕ ಹೋಗೋದು ನಿನಗ ಬ್ಯಾಡ. ಹೌದಲ್ಲೋ?” ನಾಗಲಿಂಗಮ್ಮ ಕೇಳಿದರು.

“ಬ್ಯಾಡ್ರಿ. ಆದ್ರ ನಾ ಆಗಿದ್ರ ಇಡೀ ಆಲ್ಬಮ್ಮೇ ಒಲಿಗೆ ಹಾಕ್ತಿದ್ನಿ. ಒಂದೊಂದ ಆರಿಸ್ಕೊಂತ ಯಾರು ಕೂಡ್ತಾರ?”

ನಾಗಲಿಂಗಮ್ಮ ತಟ್ಟನೆ ಅವನ ಮುಖ ನೋಡಿದರು. ಆಮೇಲೆ ಹಾಳೆ ತಿರುವಿದರು. ಉಳಿದಿದ್ದವು ಮೂರು — ಗುಡೇಕೋಟೆಯ ಗುಡ್ಡದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಮರುಳಸಿದ್ದಮ್ಮ, ಮಾಗಳದ ಹೊಳೆದಂಡೆ, ಗೋರಂಟಿ ಹಚ್ಚಿದ ಎರಡು ಕೈ.

“ಇದ್ದದ್ರಾಗ ಚಲೋ ಫೋಟೋ ಯಾವುದು?”

“ಕುರೀದು. ಎಲ್ಲಾರೂ ಅದನ್ನ ಹೊಗಳೋದು.”

“ಕೊಟ್ರಸ್ವಾಮಿ ಆಗಿದ್ರ ಮೊದಲು ಅದನ್ನ ಎತ್ತತಿದ್ದ. ಹೋದವು ಯಾವುವು?”

“ಮದುವಿ ಮನ್ಯಾಗಿನವು. ಹೆಂಗಸರ ಕಡಿಯವು.”

“ಈ ಕೈ?”

“ಅದೂ ಮದುವೀದೇ. ಅದರ ಎದುರಿನ ಹಾಳ್ಯಾಗ ಅದೇ ಮದುಮಗಳ ಮುಖ ಇತ್ತು.”

“ಕೈ ಬಿಟ್ಟಾರ. ಮುಖ ಒಯ್ದಾರ.”

ನಾಗಲಿಂಗಮ್ಮ ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಮುಬೀನಾಳ ತಾಯಿಯ ಕಡೆ ತಿರುಗಿದರು.

“ಜೈನಾಬ್ ಬೀ, ಹೆಂಗಸರ ಕೋಣಿಗೆ ಗಂಡಸರನ್ನ ಬಿಡಂಗಿಲ್ಲ. ಅದಕ್ಕ ನಿಮ್ಮ ಮಗಳಿಗೆ ಕೆಲಸ ಸಿಕ್ಕಿತು. ಮನಿ ಮನಿಗೆ ಹೋಗಿ ಮಾತು ಕೊಟ್ಟೋರು ನೀವು. ಏನಂತ ಕೊಟ್ಟಿದ್ರಿ?”

ಜೈನಾಬ್ ಬೀ ಮೊರ ಕೆಳಗಿಟ್ಟರು. “ಫೋಟೋ ಹೊರಗಿನ ಗಂಡಸರ ಕಣ್ಣಿಗೆ ಬೀಳಂಗಿಲ್ಲ ಅಂತ.”

“ಇವತ್ತ ಸಂದರ್ಶನ ಮಾಡೋರು?”

“ಎಲ್ಲಾ ಗಂಡಸರು.”

ಜೈನಾಬ್ ಬೀ ಎದ್ದು ಹೋಗಿ ಹೊದೆಯುವ ಕೌದಿಗಳ ನಡುವಿನಿಂದ ಫೋಟೋಗಳನ್ನು ತಂದರು. ಒಂದೂ ಮಡಿಚಿರಲಿಲ್ಲ.

“ದಾವಣಗೇರಿ ಲ್ಯಾಬಿನ್ಯಾಗ ಫೋಟೋ ತೊಳಿಯೋರು ಗಂಡಸರಲ್ಲೇನಮ್ಮೀ?” ಮುಬೀನಾ ಕಿರುಚಿದಳು.

“ಅವರಿಗೆ ಇವರು ಯಾರ ಮನಿಯವರು ಅಂತ ಗೊತ್ತಿಲ್ಲ. ಕೂಡ್ಲಿಗಿಯವರಿಗೆ ಗೊತ್ತಾಗತೈತಿ.”

“ಹಂಗಾರ ಐದು ವರ್ಷ ಏನು ಮಾಡಿದ್ನಿ ಅಂತ ಹೇಳ್ಲಿ? ಕುರಿ ಕಾಯ್ದೆ ಅಂತೇನು?”

ನಾಗಲಿಂಗಮ್ಮ ಆಲ್ಬಮ್ ಮುಚ್ಚಿದರು.

ಜೈನಾಬ್ ಬೀ ಫೋಟೋಗಳನ್ನು ಮಗಳ ಕೈಗಿಟ್ಟರು. “ಒಯ್ಯಿ. ಮಾತು ಕೊಟ್ಟಾಕಿ ನಾನು. ಬೈಸ್ಕೊಳ್ಳಾಕಿನೂ ನಾನೇ.”

ಮುಬೀನಾ ಮೇಲಿನ ಫೋಟೋವನ್ನು ನೋಡಿದಳು. ತಲೆಯ ಮೇಲೆ ಸೆರಗಿಲ್ಲದೆ ಬಾಯ್ತುಂಬ ನಗುತ್ತಿದ್ದ ಮದುಮಗಳು. ಕಟ್ಟನ್ನೇ ಮಗುಚಿ ಅಮ್ಮನ ಕೈಗೆ ಹಿಂದಿರುಗಿಸಿದಳು. ನನ್ನ ಕಡೆ ತಿರುಗಿದಾಗ ಸಿಟ್ಟು ಇಳಿದಿರಲಿಲ್ಲ.

“ಅಕ್ಕಾ, ಬಯೋಡೇಟಾ ತಿದ್ದಬೇಕ್ರಿ.”

“ಆ ಐದು ವರ್ಷದ ಸಾಲು ತಗೀಲಾ?”

“ಯಾಕ ತಗೀಬೇಕು? ಅದರ ಕೆಳಗ ಹಾಕ್ರಿ — ಉಳಿದ ಕೆಲಸ ನೋಡಬೇಕಾದ್ರ ಒಬ್ಬ ಹೆಣ್ಣುಮಗಳನ್ನ ಕೊಟ್ಟೂರಿಗೆ ಕಳಿಸ್ರಿ ಅಂತ.”

ಸೆಂಟರಿನಲ್ಲಿ ಕರೆಂಟ್ ಇರಲಿಲ್ಲ. ಪೆನ್ನಿನಲ್ಲೇ ಬರೆದೆ.