ರಕ್ತದಲ್ಲಿ ಏನೂ ಇರಲಿಲ್ಲ

ನರ್ಸ್‌ಗಳ ಕೋಣೆಯ ಬೀಗವಿಲ್ಲದ ಕಪಾಟಿನಲ್ಲಿ ಹನ್ನೆರಡು ಇಂಜೆಕ್ಷನ್ ಸೀಸೆಗಳು ಸಿಕ್ಕವು. ಒಂದರ ಮುಚ್ಚಳವೂ ತೆಗೆದಿರಲಿಲ್ಲ.

"ನನ್ನ ಹೆಂಡತಿಗೆ ಕೊಡಬೇಕಿದ್ದ ಔಷಧಿ!" ಸತ್ತವಳ ಗಂಡ ನರ್ಸ್ ಕಡೆ ಬೆರಳು ತೋರಿಸಿ ಕಿರುಚಿದ. "ಇವಳೇ ಕೊಂದಿದ್ದು!"

ಮೂಳೆಯ ಸೋಂಕು ವಾಸಿಯಾಯಿತೆಂದು ಮನೆಗೆ ಕಳಿಸಿದ್ದ ಹೆಂಗಸು, ಮೂರೇ ವಾರಕ್ಕೆ ಜ್ವರ ಮರುಕಳಿಸಿ ತೀರಿಕೊಂಡಿದ್ದಳು.

ಹಿರಿಯ ಡಾಕ್ಟರು ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿ ನಿಟ್ಟುಸಿರಿಟ್ಟರು. "ಔಷಧಿ ಮೈಗೆ ಹೋಗಿದ್ರೆ ಹೀಗಾಗ್ತಿರಲಿಲ್ಲ, ಮೇಡಂ."

"ಹತ್ತು ದಿನವೂ ನಾನೇ ಚುಚ್ಚಿದೀನಿ," ಎಂದಳು ನರ್ಸ್. ಅಷ್ಟೇ. ಅಳಲಿಲ್ಲ.

ಕೇಸು ಸುಲಿದ ಬಾಳೆಹಣ್ಣಿನಷ್ಟು ಸಲೀಸಾಗಿತ್ತು. ಇನ್ಸ್‌ಪೆಕ್ಟರಮ್ಮನಿಗೆ ಅದೇ ಹಿಡಿಸಲಿಲ್ಲ. ಸೀಸೆಯೊಂದನ್ನು ಬೆಳಕಿಗೆ ಹಿಡಿದು, ಅದರ ಮೇಲಿನ ಬ್ಯಾಚ್ ನಂಬರನ್ನು ಗುರುತು ಹಾಕಿಕೊಂಡಳು.

* * *

"ರಕ್ತದಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ," ಎಂದಳು ಪ್ರಯೋಗಾಲಯದ ಹೆಂಗಸು. "ಆದ್ರೆ ಮನೆಗೆ ಕಳಿಸೋ ಮುಂಚೆ ತೆಗೆದ ಮೂಳೆ ಚೂರಿನ ಜೀವಕೋಶ ಒಡೆದು ನೋಡಿದೆ. ಒಳಗೆ ಜೀವಂತ ಇದ್ವು."

"ಅಷ್ಟು ಔಷಧಿ ಕೊಟ್ಟ ಮೇಲೂ?"

"ಆ ಔಷಧಿ ಜೀವಕೋಶದ ಒಳಕ್ಕೆ ಸರಿಯಾಗಿ ಹೋಗಲ್ಲ. ಹೋದ್ರೂ, ಬೆಳೀತಿರೋದನ್ನ ಮಾತ್ರ ಕೊಲ್ಲುತ್ತೆ. ಇವು ಬೆಳೆಯೋದೇ ನಿಲ್ಲಿಸಿ ತೆಪ್ಪಗೆ ಬಿದ್ದಿರ್ತವೆ. ಚಿಕಿತ್ಸೆ ನಿಂತ ಮೇಲೆ ಮತ್ತೆ ಏಳ್ತವೆ."

"ವರದಿ?"

"ಮನೆಗೆ ಕಳಿಸಬೇಡಿ ಅಂತ ಬರೆದು ಡಾಕ್ಟರ ಕೈಗೇ ಕೊಟ್ಟೆ."

ಫೈಲಿನಲ್ಲಿ ಆ ಹಾಳೆ ಇರಲಿಲ್ಲ.

* * *

ಡಾಕ್ಟರ ಮೇಜಿನ ಮೇಲೆ ಇನ್ಸ್‌ಪೆಕ್ಟರಮ್ಮ ಸೀಸೆ ಇಟ್ಟಳು. ನರ್ಸ್, ಗಂಡ ಇಬ್ಬರೂ ಬಾಗಿಲಲ್ಲಿದ್ದರು.

"ಈ ಬ್ಯಾಚು ಆಸ್ಪತ್ರೆಗೆ ಬಂದಿದ್ದು ಹೋದ ಸೋಮವಾರ. ಅಷ್ಟು ಹೊತ್ತಿಗೆ ಆಕೆ ಮನೆಗೆ ಹೋಗಿ ಹದಿನೆಂಟು ದಿನ ಆಗಿತ್ತು. ಆಕೆಯ ಪಾಲಿನ ಔಷಧಿ ಇದು ಹೇಗಾಗುತ್ತೆ? ಸ್ಟೋರಿಂದ ತಗೊಂಡೋರ ಸಹಿ ನಿಮ್ಮದು."

ಡಾಕ್ಟರು ಸೀಸೆಯನ್ನು ಮೇಜಿನ ಅಂಚಿಗೆ ಸರಿಸಿದರು.

"ಹತ್ತೇ ದಿನಕ್ಕೆ ವಾಸಿ ಮಾಡ್ತೀನಿ ಅಂತ ಡಂಗುರ ಸಾರಿದ್ರಿ. ಇನ್ನೂ ವಾರಗಟ್ಟಲೆ ಬೇಕು ಅಂದ್ರೆ ಮಾನ ಹೋಗ್ತಿತ್ತು. ವರದಿ ಮುಚ್ಚಿಟ್ರಿ. ಆಕೆ ಸತ್ತಾಗ ತಪ್ಪು ಹೊರಿಸೋಕೆ ಒಂದು ತಲೆ ಬೇಕಾಯ್ತು, ಸೀಸೆಗಳನ್ನ ನರ್ಸ್ ಕಪಾಟಲ್ಲಿ ಇಟ್ರಿ."

"ರಕ್ತದಲ್ಲಿ ಏನೂ ಇರಲಿಲ್ಲ..." ಡಾಕ್ಟರ ದನಿ ಕುಸಿಯಿತು.

"ಇಲ್ಲ ಅಂತ ಬಂದ ಕಡೆ ಮಾತ್ರ ನೋಡಿದ್ರಿ. ಏಳಿ."

ಹೊರಗೆ ಗಂಡ ನರ್ಸ್‌ಗೆ ಕೈಮುಗಿದ. "ನಿಮ್ಮ ಕಾಲಿಗೆ ಬೀಳ್ತೀನಮ್ಮ."

ನರ್ಸ್ ಹಿಂದೆ ಸರಿದಳು. "ಬೇಡಣ್ಣ. ಹೊರಡೋ ದಿನ ಅವರು 'ಅಕ್ಕಾ, ಇನ್ನೂ ನೋಯ್ತಿದೆ' ಅಂದ್ರು. 'ಎಲ್ಲಾ ವಾಸಿಯಾಗಿದೆ, ಹೋಗಿ' ಅಂತ ಚೀಲ ಎತ್ತಿಕೊಟ್ಟವಳು ನಾನೇ."

ಗಂಡ ಗೋಡೆಗೆ ಒರಗಿದ.

"ಮನೇಲೂ ದಿನಾ ಅಂತಿದ್ಲು," ಎಂದ. "ಡಾಕ್ಟರಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಂತ ಗದರಿಬಿಟ್ಟೆ."