ತೋಳಿನ ಅಳತೆ

ಬೇಕರಿಯ ಯಜಮಾನಿ ಒಲೆಯ ಮುಂದೆ ತಲೆ ಸುತ್ತಿ ಬಿದ್ದು ಹಣೆ ಒಡೆದುಕೊಂಡ ಮಾರನೆಯ ಬೆಳಿಗ್ಗೆ, ಅವರ ಸೊಸೆ ಔಷಧಿ ಅಂಗಡಿಯ ಮುಂದೆ ಬಂದು ನಿಂತಳು. ಕೈಯಲ್ಲೊಂದು ಬ್ಯಾಗಿತ್ತು.

"ನಾನು ಅತ್ತೆಗೆ ಬೇಕೂಂತಲೇ ಜಾಸ್ತಿ ಬಿ.ಪಿ. ಮಾತ್ರೆ ಕೊಟ್ಟೆನಂತೆ. ತವರಿಗೆ ಹೋಗು ಅಂತ ಬ್ಯಾಗು ಇವರೇ ತುಂಬಿಕೊಟ್ರು."

ಇವರೇ ಎಂದರೆ ಗಂಡ. ಅಮ್ಮನ ಮುಂದೆ ಬಾಯಿ ಬಿಡದ ಆ ಮಹಾಶಯ ಬ್ಯಾಗು ತುಂಬುವುದರಲ್ಲಿ ಮಾತ್ರ ಚುರುಕು. ಅಂಗಡಿಯವನಿಗೆ ಈ ಮಾತಿನ ಮೂಲ ಗೊತ್ತಿತ್ತು. ಯಜಮಾನಿಯ ಮಣಿಕಟ್ಟಿಗೆ ಹಗಲೂ ರಾತ್ರಿ ಬಿ.ಪಿ. ತೋರಿಸುವ ಬ್ಯಾಂಡು ಕಟ್ಟಿದವನು ಪಕ್ಕದ ಕ್ಲಿನಿಕ್ಕಿನ ಡಾಕ್ಟರು. ಬ್ಯಾಂಡು ಮೂರು ವಾರ ನೂರರವತ್ತೆಂಟರ ಆಸುಪಾಸು ತೋರಿಸಿತ್ತು, ಡಾಕ್ಟರು ಎರಡು ಸಲ ಮಾತ್ರೆ ಏರಿಸಿದ್ದ. ಬಿದ್ದಾಗ ಆಸ್ಪತ್ರೆಯವರು ಅಳೆದರೆ ತೊಂಬತ್ತು. ಹಾಗಾದರೆ ಯಾರೋ ಒಂದೇ ಸಲಕ್ಕೆ ಮಾತ್ರೆ ಸುರಿದಿದ್ದಾರೆ ಎಂದು ಡಾಕ್ಟರು ತೀರ್ಪು ಕೊಟ್ಟುಬಿಟ್ಟ. ಯಜಮಾನಿ ಎಲ್ಲರ ಮುಂದೆ ಸೊಸೆಯತ್ತ ಬೆರಳು ತೋರಿಸಿದ್ದರು. ಅವನ ಚೀಟಿಗಳಿಂದಲೇ ಹೊಟ್ಟೆ ಹೊರೆಯುವ ಅಂಗಡಿಯವನು ಎದುರು ಮಾತಾಡಿರಲಿಲ್ಲ. ಅದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸೊಸೆಯನ್ನು ಮಹಡಿಯ ಮೇಲಿನ ಮಾಸ್ಟರ ಹತ್ತಿರ ಕರೆದೊಯ್ದ.

ಮಾಸ್ಟರು ನಲವತ್ತು ವರ್ಷ ಬಟ್ಟೆ ಹೊಲಿದವರು. ಆ ಕಟ್ಟಡದಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಅವರು ಮನೆಯಲ್ಲಿದ್ದ ಮಾತ್ರೆಯ ಸ್ಟ್ರಿಪ್ಪುಗಳನ್ನು ತರಿಸಿ ಅಂಗಡಿಯ ಬಿಲ್ಲಿನ ತಾರೀಖಿನೊಂದಿಗೆ ತಾಳೆ ನೋಡಿದರು. ಒಂದು ಮಾತ್ರೆಯೂ ಹೆಚ್ಚು ಕಡಿಮೆಯಿರಲಿಲ್ಲ.

"ಅತ್ತೆಯ ಬೇಕರಿ ಕೋಟು ಹೊಲಿದೋನು ನಾನೇ," ಎಂದರು ಸೊಸೆಗೆ. "ತೋಳಿಗೆ ಬಟ್ಟೆ ಸಾಲದೆ ತೇಪೆ ಹಾಕಬೇಕಾಯ್ತು."

ಆಮೇಲೆ ಕ್ಲಿನಿಕ್ಕಿಗೆ ಇಳಿದರು. ಮೇಜಿನ ಮೇಲೆ ಬಿ.ಪಿ. ನೋಡುವ ಹಳೆಯ ತೋಳುಪಟ್ಟಿ ಬಿದ್ದಿತ್ತು. ಅದರ ಅಂಟುವ ಭಾಗ ತುದಿಯಲ್ಲಿ ಮಾತ್ರ ಸವೆದಿತ್ತು. ಮಾಸ್ಟರು ಅದನ್ನು ತಿರುಗಿಸಿ ನೋಡುತ್ತಿದ್ದರೆ ಡಾಕ್ಟರು ಮೂಗು ಮುರಿದ. ಅದು ಹಳೇ ಕಾಲದ ಸಾಮಾನು, ಬ್ಯಾಂಡು ಕಟ್ಟುವ ದಿನ ಒಮ್ಮೆ ಅಳೆದು ಆ ಸಂಖ್ಯೆಯನ್ನು ಬ್ಯಾಂಡಿಗೆ ತುಂಬಿಸುತ್ತೇವೆ, ಅಷ್ಟೇ ಅದರ ಕೆಲಸ ಎಂದ. ಅವನ ದಪ್ಪ ಕೈಗೂ ಅಂಥದೇ ಬ್ಯಾಂಡಿತ್ತು. ಬೀಳ್ಕೊಡಲು ಏಳುವಾಗ ಮೇಜಿನ ಅಂಚು ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದ.

ಸಂಜೆ ಎಲ್ಲರನ್ನೂ ಕ್ಲಿನಿಕ್ಕಿನಲ್ಲೇ ಕೂರಿಸಿದರು. ಯಜಮಾನಿ ಹಣೆಗೆ ಪಟ್ಟಿ ಕಟ್ಟಿಕೊಂಡು ಮಗನ ಜೊತೆ ಬಂದಿದ್ದರು. ಬಿದ್ದಾಗಿನಿಂದ ಅವರ ಮಾತ್ರೆ ನಿಲ್ಲಿಸಲಾಗಿತ್ತು. ಮಾಸ್ಟರು ಟೇಪು ತೆಗೆದು ಅವರ ತೋಳು ಸುತ್ತಿದರು.

"ನಲವತ್ತೊಂದು ಸೆಂಟಿಮೀಟರು. ಡಾಕ್ಟ್ರೇ, ನಿಮ್ಮ ಪಟ್ಟಿ ಮೇಲೆ ಏನು ಬರೆದಿದೆ, ಓದಿ."

ಡಾಕ್ಟರು ಓದಿದ. ಇಪ್ಪತ್ತೆರಡರಿಂದ ಮೂವತ್ತೆರಡು.

ಆ ಪಟ್ಟಿಯನ್ನೇ ಕಟ್ಟಿ ಅಳೆದಾಗ ನೂರರವತ್ತಾರು ಬಂತು. ಅಂಗಡಿಯವನು ತಂದ ದೊಡ್ಡ ಪಟ್ಟಿಯಲ್ಲಿ ನೂರಮೂವತ್ತನಾಲ್ಕು. ಮತ್ತೊಮ್ಮೆ ಅಳೆದರೂ ಅಷ್ಟೇ.

ಮಾಸ್ಟರು ಬಿಡಿಸಿ ಹೇಳಿದರು. ಪಟ್ಟಿ ತುದಿಯಲ್ಲಿ ಮಾತ್ರ ಸವೆದದ್ದು ದಪ್ಪ ತೋಳುಗಳಿಗೂ ಅದನ್ನೇ ಎಳೆದು ಕಟ್ಟಿದ್ದರಿಂದ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಇಲ್ಲದ ಒತ್ತಡ ಕಾಣುತ್ತದೆ. ಮೊದಲ ದಿನದ ಆ ತಪ್ಪು ಸಂಖ್ಯೆಯೇ ಬ್ಯಾಂಡಿಗೆ ಬುನಾದಿ. ನಿಜವಾದ ಒತ್ತಡ ಇಳಿಯುತ್ತಾ ಹೋದರೂ ಬ್ಯಾಂಡು ಆ ಸಂಖ್ಯೆಯ ಸುತ್ತಲೇ ತಿರುಗುತ್ತಿತ್ತು. ಅದನ್ನು ನಂಬಿ ಡಾಕ್ಟರು ಮಾತ್ರೆ ಏರಿಸಿದ, ಸೊಸೆ ಅವನು ಬರೆದಷ್ಟನ್ನೇ ಕೊಟ್ಟಳು, ಅತ್ತೆ ಬಿದ್ದರು.

"ಬ್ಯಾಂಡು ಸುಳ್ಳು ಹೇಳಲ್ಲ ರೀ," ಎಂದು ಗೊಣಗಿದ ಡಾಕ್ಟರು.

"ಇಲ್ಲ, ನೀವು ಕಲಿಸಿದ ಸುಳ್ಳನ್ನ ನಿಯತ್ತಾಗಿ ಒಪ್ಪಿಸ್ತಿದೆ. ಅಳತೆ ನೋಡದೆ ಕತ್ತರಿ ಹಾಕಿದ್ರೆ ನನಗೆ ಬಟ್ಟೆ ಹಾಳು. ನಿಮಗೆ ಅದೂ ಹಾಳಾಗಲ್ಲ ನೋಡಿ, ಬೀಳೋರು ಬೇರೆಯವರು. ಎಲ್ಲಿ, ನಿಮ್ಮ ತೋಳನ್ನೂ ಕೊಡಿ. ನೀವೂ ಬ್ಯಾಂಡು ನಂಬಿ ಮಾತ್ರೆ ನುಂಗ್ತಿರಬೇಕು. ಏಳುವಾಗ ಕಣ್ಣು ಕತ್ತಲೆ ಬರೋದು ಎಷ್ಟು ದಿನದಿಂದ?"

ಡಾಕ್ಟರು ತನ್ನ ಮಣಿಕಟ್ಟನ್ನೇ ನೋಡುತ್ತಾ ಕುಳಿತ. ಈ ಸಲ ಏಳಲು ಹೋಗಲಿಲ್ಲ.

"ಮನೆಗೆ ನಡಿಯಮ್ಮ," ಎಂದರು ಯಜಮಾನಿ.

"ಬರ್ತೀನಿ ಅತ್ತೆ. ಆದ್ರೆ ಎಲ್ಲರ ಮುಂದೆ ಅಂದಿದ್ದನ್ನ ಎಲ್ಲರ ಮುಂದೆ ವಾಪಸ್ ತಗೊಳ್ಳಿ."

ಯಜಮಾನಿ ಒಮ್ಮೆ ಡಾಕ್ಟರನ್ನು, ಒಮ್ಮೆ ನೆಲವನ್ನು ನೋಡಿದರು. "ನೀನು ಸರಿಯಾಗೇ ಕೊಟ್ಟಿದ್ದೆ. ತಪ್ಪಾಗಿ ಅಂದೋಳು ನಾನು."

ಸೊಸೆ ಎದ್ದು ಬ್ಯಾಗನ್ನು ಗಂಡನ ಕಾಲ ಬಳಿ ಇಟ್ಟಳು. "ನೀವೇ ತುಂಬಿದ್ದು. ನೀವೇ ಹೊತ್ಕೊಂಡು ಬನ್ನಿ."

ಅತ್ತೆಯ ಕೈ ಹಿಡಿದು ಅವಳು ಕ್ಲಿನಿಕ್ಕಿನ ಮುಂದಿನ ಮೆಟ್ಟಿಲಿಳಿದಳು. ಬ್ಯಾಗು ಹೊತ್ತ ಗಂಡ ಹತ್ತು ಹೆಜ್ಜೆ ಹಿಂದಿದ್ದ.